ಚಳಿಗಾಲದ ಕೊನೆಯ ಬೀವರ್ ಟ್ರ್ಯಾಪಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಉತ್ತರ ಒಂಟಾರಿಯೋದಲ್ಲಿ, ಲೈಸೆನ್ಸ್ ಇರುವ ಒಬ್ಬ ಹಿರಿಯ ಟ್ರ್ಯಾಪರ್ (ತುಪ್ಪಳಕ್ಕಾಗಿ ಟ್ರ್ಯಾಪ್ ಹಾಕಿ ಪ್ರಾಣಿ ಹಿಡಿಯುವವರು) ಜೊತೆ ನಾನು ಚಳಿಗಾಲದಲ್ಲಿ ಸಹಾಯಕನಾಗಿ ಹೋಗುತ್ತೇನೆ. ಊರಿಗೆ ಫೋನ್ ಮಾಡಿದಾಗ, ಟೊರೊಂಟೋದ ಕನ್ನಡ ಗೆಳೆಯರ ಮನೆಗೆ ಊಟಕ್ಕೆ ಹೋದಾಗ, ಪತ್ರಗಳಲ್ಲಿ ಕೂಡ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವರದು ಕುತೂಹಲ, ಕೆಲವರದು ಸಿಟ್ಟು. ಎರಡಕ್ಕೂ ನೇರವಾಗಿ ಉತ್ತರ ಕೊಡಬೇಕು ಅಂತ ಇಲ್ಲಿ ಒಟ್ಟುಮಾಡಿದ್ದೇನೆ.

## ಮೊದಲ ಪ್ರಶ್ನೆಗಳು

ಬೀವರ್ ಅಂದ್ರೆ ನಮ್ಮ ತುಂಗಭದ್ರೆಯ ನೀರುನಾಯಿನೇ ಅಲ್ವಾ?

ಅಲ್ಲ. ನೀರುನಾಯಿ ಮೀನು ತಿನ್ನುವ ಪ್ರಾಣಿ. ಬೀವರ್ ಇಲಿ, ಅಳಿಲುಗಳ ಬಳಗದ್ದು. ತಿನ್ನುವುದು ಮರದ ತೊಗಟೆ, ಎಲೆ, ನೀರಿನ ಗಿಡ. ಬೆಳೆದದ್ದು ಸಾಮಾನ್ಯವಾಗಿ 16ರಿಂದ 30 ಕಿಲೋ ತೂಗುತ್ತದೆ. ಬಾಲ ಅಗಲ, ಚಪ್ಪಟೆ. ಮುಂದಿನ ಹಲ್ಲು ಕಿತ್ತಳೆ ಬಣ್ಣ, ಯಾಕಂದ್ರೆ ಅದರ ಹೊರಪದರದಲ್ಲಿ ಕಬ್ಬಿಣದ ಅಂಶ ಇದೆ. ಮರ ಕಡಿದು, ಕೊಂಬೆ ಮತ್ತು ಕೆಸರಿನಿಂದ ತೊರೆಗೆ ಕಟ್ಟೆ ಕಟ್ಟಿ, ತನ್ನ ಕೆರೆಯನ್ನು ತಾನೇ ಮಾಡಿಕೊಳ್ಳುತ್ತದೆ. ಭಾರತದಲ್ಲಿ ಬೀವರ್ ಇಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ಮೀಸಲು ಪ್ರದೇಶ ಮಾಡಿದ್ದು ನೀರುನಾಯಿಗಾಗಿ. ಕೆನಡಾದಲ್ಲೂ ಬೇರೆ ಜಾತಿಯ ನೀರುನಾಯಿ ಇದೆ, ಬೀವರ್ ಕೆರೆಗಳಿಗೇ ಬಂದು ಹೋಗುತ್ತದೆ. ಅದರಿಂದ ಆಗುವ ತೊಂದರೆಯ ವಿಷಯ ಮುಂದೆ ಇದೆ.

ನಾಣ್ಯದ ಮೇಲಿರೋ ಪ್ರಾಣಿನ ಹಿಡಿದು ಕೊಲ್ತಾರಾ? ಅದು ಅಳಿದು ಹೋಗ್ತಾ ಇಲ್ವಾ?

ಐದು ಸೆಂಟ್ ನಾಣ್ಯದ ಮೇಲೆ 1937ರಿಂದ ಬೀವರ್ ಇದೆ. 1975ರಲ್ಲಿ ಕಾನೂನು ಮಾಡಿ ದೇಶದ ಲಾಂಛನ ಅಂತಲೂ ಘೋಷಿಸಿದರು. ಅಳಿವಿನ ಅಂಚಿಗೆ ಹೋಗಿದ್ದೂ ನಿಜ, ಆದರೆ ಅದು ಹಳೆಯ ಮಾತು.

ಯುರೋಪಿನವರ ಟೋಪಿ ಚಟಕ್ಕೆ ಮೊದಲು ಅಲ್ಲಿನ ಬೀವರ್ ಬಹುಪಾಲು ಮುಗಿಯಿತು. ಆಮೇಲೆ ಉತ್ತರ ಅಮೆರಿಕದ ಸರದಿ. 1670ರಲ್ಲಿ ಶುರುವಾದ ಹಡ್ಸನ್ಸ್ ಬೇ ಕಂಪನಿಯ ಲಾಂಛನದಲ್ಲೇ ನಾಲ್ಕು ಬೀವರ್ ಇವೆ. ಒಳ್ಳೆಯ ಒಂದು ಬೀವರ್ ಚರ್ಮವೇ ಆಗ ವ್ಯಾಪಾರದ ಅಳತೆ, ಅದರ ಲೆಕ್ಕದಲ್ಲೇ ಕೊಡಲಿ, ಬಂದೂಕಿಗೆ ಬೆಲೆ. 1820ರ ದಶಕದಲ್ಲಿ ಇದೇ ಕಂಪನಿ ಪಶ್ಚಿಮದ ಸ್ನೇಕ್ ನದಿ ಸೀಮೆಯಲ್ಲಿ ಒಂದೂ ಬೀವರ್ ಉಳಿಯದ ಹಾಗೆ ಬೇಟೆ ಆಡಿಸಿತು. ಅಮೆರಿಕದ ವ್ಯಾಪಾರಿಗಳು ಆ ಕಡೆ ಬರಬಾರದು ಅಂತ ಬೇಕಂತಲೇ ಮಾಡಿದ್ದು. ಲೋಭ ಒಂದು ಪ್ರಾಣಿಗೆ ಏನು ಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಚೇತರಿಕೆಯ ಕಥೆಯೂ ಅಷ್ಟೇ ಮುಖ್ಯ. 1930ರ ದಶಕದ ಆರಂಭದಲ್ಲಿ ಜೇಮ್ಸ್ ಕೊಲ್ಲಿಯ ರೂಪರ್ಟ್ ಹೌಸ್‌ನಲ್ಲಿ, ಅಂದರೆ ಇಂದಿನ ವಾಸ್ಕಗನಿಶ್‌ನಲ್ಲಿ, ಮೂಲನಿವಾಸಿಗಳಾದ ಕ್ರೀ ಜನ ಮತ್ತು ಕಂಪನಿಯ ವ್ಯವಸ್ಥಾಪಕ ಜೇಮ್ಸ್ ವಾಟ್, ಅವರ ಹೆಂಡತಿ ಮಾಡ್ ವಾಟ್ ಸೇರಿ ಬೀವರ್ ಅಭಯಾರಣ್ಯ ಮಾಡಿದರು. ಕ್ರೀ ಕುಟುಂಬಗಳು ಜೀವಂತ ಗೂಡುಗಳನ್ನು ಎಣಿಸಿ ಕಾದವು. ಬೀವರ್ ತಿರುಗಿ ಬಂತು. ಅದೇ ಹೊತ್ತಿಗೆ ಬೇರೆ ಪ್ರಾಂತ್ಯಗಳಲ್ಲಿ ನೋಂದಾಯಿತ ಟ್ರ್ಯಾಪ್‌ಲೈನ್ ಪದ್ಧತಿ ಹರಡಿತು. ಇಷ್ಟು ಕಾಡು ಈ ಒಬ್ಬರ ಜವಾಬ್ದಾರಿ, ಬೇರೆಯವರು ಅಲ್ಲಿ ಟ್ರ್ಯಾಪ್ ಹಾಕುವಂತಿಲ್ಲ. ಇವತ್ತು ಕೆನಡಾದಲ್ಲಿ ಬೀವರ್ ಧಾರಾಳವಾಗಿದೆ.

ನಮ್ಮಲ್ಲಿ ಉರುಳು ಹಾಕಿದ್ರೆ ಜೈಲು. ಅಲ್ಲಿ ಮಾತ್ರ ಅದು ಹೇಗೆ ಸರಿ ಆಗುತ್ತೆ?

1972ರ ವನ್ಯಜೀವಿ ಕಾಯ್ದೆ ನಮ್ಮಲ್ಲಿ ಬೇಕೇ ಬೇಕು. ಕಾಡುಹಂದಿಗೆ ಅಂತ ತೋಟದ ಬೇಲಿಗೆ ಕಟ್ಟಿದ ತಂತಿ ಉರುಳಿಗೆ ಚಿರತೆ ಸಿಕ್ಕಿ ಸಾಯುವುದನ್ನು ನಾವು ವರ್ಷವರ್ಷ ಪೇಪರ್‌ನಲ್ಲಿ ಓದುತ್ತೇವೆ. ಆ ಉರುಳಿಗೆ ಯಾವ ಪ್ರಾಣಿ ಬಂತು ಅನ್ನೋ ವ್ಯತ್ಯಾಸ ಇಲ್ಲ, ಹಾಕಿದವರಿಗೆ ಲೆಕ್ಕ ಒಪ್ಪಿಸುವ ಹೊಣೆಯೂ ಇಲ್ಲ.

ಕೆನಡಾದಲ್ಲಿ ಪ್ರಾಣಿಯ ಸಂಖ್ಯೆ, ಋತು, ಟ್ರ್ಯಾಪಿನ ಮಾದರಿ, ಹಿಡಿದವರ ಹೆಸರು ಎಲ್ಲಕ್ಕೂ ನಿಯಮ ಇದೆ. ಕ್ರೀ, ಅನಿಶಿನಾಬೆ ಮುಂತಾದ ಮೂಲನಿವಾಸಿಗಳಿಗೆ ಇದು ಹೊಟ್ಟೆಪಾಡು, ಸಂಪ್ರದಾಯ, ಒಪ್ಪಂದಗಳಿಂದ ಬಂದ ಹಕ್ಕು. ಹಾಗಂತ ಇದನ್ನು ಎಲ್ಲರೂ ಒಪ್ಪಬೇಕು ಅಂತ ನಾನು ಹೇಳುವುದಿಲ್ಲ. ಪ್ರಾಣಿಯನ್ನು ಕೊಲ್ಲುವುದೇ ತಪ್ಪು ಅನ್ನುವವರ ಜೊತೆ ನನಗೆ ವಾದ ಇಲ್ಲ. ಕೊಲ್ಲುವುದಾದರೆ ಯಾವಾಗ, ಎಷ್ಟು, ಹೇಗೆ ಅನ್ನೋದರಲ್ಲಿ ಮಾತ್ರ ನನ್ನ ಅಭಿಪ್ರಾಯ ಗಟ್ಟಿ.

ನಾನು ಈಗಷ್ಟೇ ಕೆನಡಾಕ್ಕೆ ಬಂದಿದ್ದೀನಿ. ಸುಮ್ನೆ ಒಂದು ಟ್ರ್ಯಾಪ್ ತಗೊಂಡು ಹಾಕಬಹುದಾ?

ಬೇಡ. ಒಂಟಾರಿಯೋದಲ್ಲಿ ಮೊದಲು ಸುಮಾರು 40 ಗಂಟೆಯ ಕೋರ್ಸ್ ಮುಗಿಸಿ ಪರೀಕ್ಷೆ ಪಾಸಾಗಬೇಕು. ಆಮೇಲೆ ಲೈಸೆನ್ಸ್. ಆಮೇಲೆ ಜಾಗ, ಅದು ಸರ್ಕಾರಿ ಕಾಡಿನ ನೋಂದಾಯಿತ ಲೈನ್ ಇರಬಹುದು ಅಥವಾ ಖಾಸಗಿ ಜಮೀನಿನ ಮಾಲೀಕರ ಅನುಮತಿ ಇರಬಹುದು. ಋತುವಿನ ದಿನಾಂಕ ಪ್ರದೇಶದಿಂದ ಪ್ರದೇಶಕ್ಕೆ ಬೇರೆ, ಪ್ರತಿ ವರ್ಷ ಹೊಸದಾಗಿ ನೋಡಿಕೊಳ್ಳಬೇಕು. ಹಳೆಯ ಟ್ರ್ಯಾಪರ್ ಒಬ್ಬರ ಜೊತೆ ಒಂದೆರಡು ಚಳಿಗಾಲ ನಡೆದರೆ ಕೋರ್ಸಿನಲ್ಲಿ ಸಿಗದ್ದು ಸಿಗುತ್ತದೆ.

## ತುಪ್ಪಳದ ಬಗ್ಗೆ

ಎಲ್ಲಾ ಬಿಟ್ಟು ಚಳಿಗಾಲದ ಕೊನೆಗೇ ಯಾಕೆ?

ಬೀವರ್ ಮೈಮೇಲೆ ಎರಡು ಪದರ. ಹೊರಗೆ ಉದ್ದನೆಯ, ಒರಟಾದ, ಹೊಳೆಯುವ ಮೇಲ್ಕೂದಲು. ಅದರ ಬುಡದಲ್ಲಿ ದಟ್ಟವಾದ, ಮೆತ್ತನೆಯ ಒಳತುಪ್ಪಳ. ನೀರು ಚರ್ಮಕ್ಕೆ ತಾಗದ ಹಾಗೆ ತಡೆಯುವುದು ಈ ಒಳತುಪ್ಪಳ. ಅದರ ಎಳೆಗಳಲ್ಲಿ ಸಣ್ಣ ಕೊಕ್ಕೆಗಳಿವೆ, ಹಾಗಾಗಿ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಗಟ್ಟಿ ಫೆಲ್ಟ್ ಆಗುತ್ತವೆ, ಅಂದರೆ ಟೋಪಿ ಮಾಡುವ ದಪ್ಪ ಬಟ್ಟೆ. ಇಷ್ಟೆಲ್ಲಾ ಇತಿಹಾಸ ಆದದ್ದು ಆ ಕೊಕ್ಕೆಗಳಿಂದ.

ಬೇಸಿಗೆಯಲ್ಲಿ ಹಳೆ ತುಪ್ಪಳ ಉದುರುತ್ತದೆ. ಹೊಸದು ಶರತ್ಕಾಲದಿಂದ ನಿಧಾನವಾಗಿ ಬೆಳೆಯುತ್ತದೆ. ನರಿ, ಮಾರ್ಟನ್ ತರಹದ ನೆಲದ ಪ್ರಾಣಿಗಳ ತುಪ್ಪಳ ಚಳಿಗಾಲದ ಶುರುವಿನಲ್ಲೇ ಮಾಗಿಬಿಡುತ್ತದೆ. ನೀರಿನಲ್ಲಿರುವ ಬೀವರ್ ತಡ ಮಾಡುತ್ತದೆ. ನವೆಂಬರ್‌ನಲ್ಲಿ ಹಿಡಿದರೆ ಬೆನ್ನಿನ ಒಳತುಪ್ಪಳ ಇನ್ನೂ ಗಿಡ್ಡ, ಚರ್ಮ ಕಪ್ಪುನೀಲಿ. ಜನವರಿ ಮುಗಿಯುತ್ತಾ ಬಂದಾಗ ತುಂಬಿಕೊಳ್ಳುತ್ತದೆ. ಫೆಬ್ರವರಿಯಿಂದ ಮಾರ್ಚ್‌ವರೆಗೆ, ಉತ್ತರಕ್ಕೆ ಹೋದಷ್ಟೂ ಇನ್ನೂ ಸ್ವಲ್ಪ ಮುಂದಕ್ಕೆ, ಅದರ ಅತ್ಯುತ್ತಮ ಕಾಲ. ಟ್ರ್ಯಾಪರ್‌ಗಳು ಇದನ್ನೇ ‘ಪ್ರೈಮ್’ ಅಂತಾರೆ.

ಒಳ್ಳೆ ತುಪ್ಪಳ ಅಂತ ಕೈಯಲ್ಲಿ ಹಿಡಿದು ಹೇಗೆ ಗೊತ್ತಾಗುತ್ತೆ?

ಮೊದಲು ಒಳಮೈ ತಿರುಗಿಸಿ ಚರ್ಮದ ಬಣ್ಣ ನೋಡಿ. ಕೂದಲು ಇನ್ನೂ ಬೆಳೆಯುತ್ತಿದ್ದರೆ ಬುಡದಲ್ಲಿ ಬಣ್ಣದ ಅಂಶ ಇರುತ್ತದೆ, ಅದು ಚರ್ಮದ ಮೂಲಕ ನೀಲಿಯಾಗಿ ಕಾಣುತ್ತದೆ. ಬೆಳವಣಿಗೆ ಮುಗಿದ ಚರ್ಮ ಕೆನೆ ಬಣ್ಣ. ಆಮೇಲೆ ತುಪ್ಪಳದ ಕಡೆ ತಿರುಗಿಸಿ, ಬೆನ್ನಿನ ನಡುವೆ ಬಾಯಿಂದ ಊದಿ. ಕೂದಲು ಸುಳಿಯ ಹಾಗೆ ಬಿಡಿಸಿಕೊಂಡು ಬುಡ ಕಾಣಬೇಕು. ಅಲ್ಲಿ ಒತ್ತೊತ್ತಾಗಿ ಒಳತುಪ್ಪಳ ನಿಂತಿದ್ದು, ಚರ್ಮ ಸುಲಭಕ್ಕೆ ಕಾಣದಿದ್ದರೆ ಒಳ್ಳೆ ಮಾಲು. ಅಂಗೈಯಿಂದ ಒತ್ತಿ ಬಿಡಿ, ಪುಟಿದು ಮೇಲೆ ಬರಬೇಕು. ಒತ್ತಿದ್ದು ಒತ್ತಿದ ಹಾಗೇ ಕೂತರೆ ಕಾಲ ಮೀರಿದೆ, ಉದುರುವ ಹಂತಕ್ಕೆ ಬಂದಿದೆ.

ಹಗುರ ಕಂದು, ಗಾಢ ಕಂದು ಅನ್ನೋ ಬಣ್ಣದ ವ್ಯತ್ಯಾಸ ಕೋಟಿಗೆ ಮುಖ್ಯ. ಫೆಲ್ಟ್ ಮಾಡುವವರಿಗೆ ಅಷ್ಟೇನಿಲ್ಲ, ಅವರಿಗೆ ಒಳತುಪ್ಪಳ ಎಷ್ಟಿದೆ ಅನ್ನೋದೇ ಲೆಕ್ಕ.

ಐಸ್ ಕರಗಿದ ಮೇಲೆ ಹಿಡಿಯೋದು ಸುಲಭ ಅಂತಾರೆ. ಏಪ್ರಿಲ್‌ವರೆಗೂ ಕಾಯಬಾರದಾ?

ಸುಲಭ ನಿಜ. ದಡದಲ್ಲಿ ಕೆಸರಿನ ಗುಡ್ಡೆ ಮಾಡಿ, ಬೀವರ್‌ನದೇ ಗ್ರಂಥಿಯ ವಾಸನೆ ಸವರಿದರೆ, ‘ಯಾರದು ನನ್ನ ಜಾಗಕ್ಕೆ ಬಂದಿದ್ದು’ ಅಂತ ನೋಡಲು ಬರುತ್ತದೆ. ಐಸ್ ಒಡೆಯುವ ಕಷ್ಟ ಇಲ್ಲ.

ಆದರೆ ಐಸ್ ಹೋದ ಕೂಡಲೇ ಎರಡು ವರ್ಷದ ಮರಿಗಳು ತವರು ಬಿಟ್ಟು ಹೊಸ ಜಾಗ ಹುಡುಕುತ್ತಾ ಹೊರಡುತ್ತವೆ. ಹೋದಲ್ಲೆಲ್ಲಾ ಅಲ್ಲಿಯ ಒಡೆಯನ ಜೊತೆ ಕಾದಾಟ. ಕಚ್ಚುವುದು ಬೆನ್ನಿನ ಹಿಂಭಾಗಕ್ಕೆ, ಬಾಲದ ಬುಡಕ್ಕೆ, ಮರ ಕಡಿಯುವ ಅದೇ ಹಲ್ಲಿನಿಂದ. ಸುಲಿದ ಮೇಲೆ ನೋಡಿದರೆ ಚರ್ಮದ ತುಂಬಾ ತೂತು, ಗಾಯದ ಕಲೆ. ತುಪ್ಪಳ ಚೆನ್ನಾಗಿದ್ದರೂ ಹರಾಜಿನಲ್ಲಿ ಗ್ರೇಡ್ ಇಳಿಯುತ್ತದೆ. ಜೊತೆಗೆ ತೆರೆದ ನೀರಿನಲ್ಲಿ ಯಾವ ಗೂಡಿನ ಬೀವರ್ ಸಿಕ್ಕಿತು ಅಂತ ಹೇಳಲಾಗದು. ಐಸ್ ಇರುವಾಗ ಪ್ರತಿ ಕುಟುಂಬ ತನ್ನ ಕೆರೆಯಲ್ಲೇ ಇರುತ್ತದೆ, ಎಲ್ಲಿಂದ ಎಷ್ಟು ತೆಗೆದೆ ಅನ್ನೋ ಲೆಕ್ಕ ಸ್ಪಷ್ಟ. ಋತು ಇನ್ನೂ ಮುಚ್ಚಿರದಿದ್ದರೂ ಐಸ್ ಹೋಗುವ ಮೊದಲೇ ನಿಲ್ಲಿಸುವುದು ನನ್ನ ಆಯ್ಕೆ. ವಸಂತದಲ್ಲಿ ಅಲೆಯುವ ಮರಿಗಳಲ್ಲಿ ಎಷ್ಟೋ ಹೇಗೂ ಸಾಯುತ್ತವೆ, ಅವನ್ನೇ ಹಿಡಿಯುವುದು ಮೇಲು ಅನ್ನುವ ಅನುಭವಿಗಳೂ ಇದ್ದಾರೆ. ಅವರ ಮಾತಲ್ಲಿ ಹುರುಳಿದೆ. ಆದರೂ ಖಾಲಿ ಕೆರೆಗಳನ್ನು ಮತ್ತೆ ತುಂಬುವುದು ಆ ಮರಿಗಳೇ ಅಲ್ವಾ?

ಈಗಿನ ಕಾಲದಲ್ಲಿ ಯಾರ್ರೀ ತುಪ್ಪಳ ಹಾಕ್ತಾರೆ? ದುಡ್ಡು ಬರುತ್ತಾ?

ಬಹಳ ಬರುವುದಿಲ್ಲ. ಪೆಟ್ರೋಲ್, ಸ್ನೋಮೊಬೈಲ್, ಸಮಯ ಎಲ್ಲಾ ಕೂಡಿಸಿದರೆ ಹಲವು ವರ್ಷ ಕೈಯಿಂದಲೇ ಹೋಗುತ್ತದೆ. 2019ರಲ್ಲಿ ಟೊರೊಂಟೋದ ದೊಡ್ಡ ಹರಾಜು ಸಂಸ್ಥೆ ನಾರ್ತ್ ಅಮೆರಿಕನ್ ಫರ್ ಆಕ್ಷನ್ಸ್ ಸಾಲದಲ್ಲಿ ಮುಳುಗಿ ಕೋರ್ಟಿಗೆ ಹೋಯಿತು. ಈಗ ಮುಖ್ಯ ಹರಾಜು ನಾರ್ತ್ ಬೇ ಊರಿನಲ್ಲಿ, ಟ್ರ್ಯಾಪರ್‌ಗಳೂ ಮೂಲನಿವಾಸಿಗಳೂ ಸೇರಿ ನಡೆಸುವ ಫರ್ ಹಾರ್ವೆಸ್ಟರ್ಸ್ ಆಕ್ಷನ್‌ನಲ್ಲಿ ನಡೆಯುತ್ತದೆ. ಬೀವರ್‌ಗೆ ಬೇಡಿಕೆ ಉಳಿಸಿರುವುದು ಕೌಬಾಯ್ ಟೋಪಿ. ಕ್ಯಾಸ್ಟೋರಿಯಂ ಅನ್ನುವ ಗ್ರಂಥಿಯ ಸುಗಂಧ ದ್ರವ್ಯವೂ ಮಾರಾಟವಾಗುತ್ತದೆ, ಕೆಲವು ವರ್ಷ ಚರ್ಮಕ್ಕಿಂತ ಅದಕ್ಕೇ ಜಾಸ್ತಿ ಗಿರಾಕಿ.

## ಹಿಡಿಯುವ ರೀತಿ

ಎಲ್ಲಾ ಹಿಮ ಮುಚ್ಚಿರುತ್ತೆ. ಒಳಗೆ ಬೀವರ್ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಕೊರೆಯುವ ಚಳಿಯ ಬೆಳಿಗ್ಗೆ ಗೂಡಿನ ನೆತ್ತಿ ನೋಡಬೇಕು. ಗೂಡು ಅಂದರೆ ಕೆರೆಯ ನಡುವೆ ಕೊಂಬೆ, ಕೆಸರಿನ ದಿಬ್ಬ. ಒಳಗೆ ಕುಟುಂಬ ಉಸಿರಾಡುತ್ತಿದ್ದರೆ ಮೇಲಿನ ಗಾಳಿ ಕಿಂಡಿಯಲ್ಲಿ ಹಿಮ ಕರಗಿ ಕುಳಿ ಬಿದ್ದಿರುತ್ತದೆ. ಸುತ್ತಲಿನ ಕಡ್ಡಿಗಳ ಮೇಲೆ ಬಿಳಿ ಹರಳು ಮುಳ್ಳುಮುಳ್ಳಾಗಿ ಕಟ್ಟಿರುತ್ತದೆ. ನರಿ, ತೋಳದ ಹೆಜ್ಜೆಗಳೂ ಅಲ್ಲಿಗೇ ಬಂದಿರುತ್ತವೆ, ಅವಕ್ಕೂ ವಾಸನೆ ಗೊತ್ತು.

ಗೂಡಿನ ಹತ್ತಿರ ಐಸ್ ಮೇಲೆ ಕೊಂಬೆಗಳ ತುದಿ ಚಾಚಿಕೊಂಡಿದ್ದರೆ ಅದು ಆಹಾರದ ಉಗ್ರಾಣ. ಶರತ್ಕಾಲದಲ್ಲಿ ಪೋಪ್ಲರ್, ವಿಲ್ಲೋ, ಬರ್ಚ್ ಕೊಂಬೆ ತಂದು ನೀರಲ್ಲಿ ಮುಳುಗಿಸಿ ಇಟ್ಟುಕೊಂಡಿರುತ್ತವೆ. ಮಾರ್ಚ್ ಹೊತ್ತಿಗೆ ಆ ತೊಗಟೆ ಹಳಸಿರುತ್ತದೆ, ಬಹಳಷ್ಟು ಮುಗಿದೂ ಇರುತ್ತದೆ. ಹಾಗಾಗಿ ಈ ಕಾಲದಲ್ಲಿ ಹಸಿ ಪೋಪ್ಲರ್ ಕೊಂಬೆಯ ಆಸೆಗೆ ಬೇಗ ಬರುತ್ತವೆ. ಟ್ರ್ಯಾಪ್ ಕಟ್ಟುವ ಗಳ ಮಾತ್ರ ಒಣಗಿ ಸತ್ತ ಮರದ್ದೇ ಆಗಬೇಕು. ಹಸಿ ಗಳ ನೆಟ್ಟರೆ ಗಳವನ್ನೇ ಕಡಿದು ಟ್ರ್ಯಾಪ್ ಸಮೇತ ಎಳೆದುಕೊಂಡು ಹೋಗುತ್ತವೆ.

ಪ್ರಾಣಿ ನರಳೋದಿಲ್ವಾ? ನಿಜ ಹೇಳಿ.

ನರಳಬಹುದು. ಅದನ್ನು ಎಷ್ಟು ಕಮ್ಮಿ ಮಾಡಬಹುದು ಅನ್ನೋದೇ ಈ ಕೆಲಸದ ಅತಿ ಗಂಭೀರ ಭಾಗ.

1991ರಲ್ಲಿ ಯುರೋಪ್ ಕಾಲು ಹಿಡಿಯುವ ಹಳೆ ಟ್ರ್ಯಾಪ್‌ಗಳನ್ನು ನಿಷೇಧಿಸಿ, ಅವನ್ನು ಬಳಸುವ ದೇಶಗಳ ತುಪ್ಪಳವನ್ನೂ ಬಿಡುವುದಿಲ್ಲ ಅಂದಿತು. ಆ ಒತ್ತಡದಿಂದ 1997ರಲ್ಲಿ ಕೆನಡಾ, ಯುರೋಪ್ ಒಕ್ಕೂಟ, ರಷ್ಯಾ ನಡುವೆ ಒಪ್ಪಂದ ಆಯಿತು. ಅದರ ಪ್ರಕಾರ ಬೀವರ್ ಕೊಲ್ಲುವ ಟ್ರ್ಯಾಪ್, ಪರೀಕ್ಷೆಯಲ್ಲಿ ಕನಿಷ್ಠ 80% ಪ್ರಾಣಿಗಳನ್ನು 300 ಸೆಕೆಂಡ್ ಒಳಗೆ ಪ್ರಜ್ಞೆ ತಪ್ಪಿಸಬೇಕು. ಐದು ನಿಮಿಷ. ಕಮ್ಮಿ ಹೊತ್ತಲ್ಲ ಅದು, ಮಾನದಂಡ ಇನ್ನೂ ಬಿಗಿ ಆಗಬೇಕು ಅಂತ ನನಗೆ ಅನ್ನಿಸುತ್ತದೆ. ಒಳ್ಳೆಯ ‘330’ ಟ್ರ್ಯಾಪ್, ಅಂದರೆ ಸುಮಾರು 25 ಸೆಂಟಿಮೀಟರ್ ಚೌಕದ ಎರಡು ಉಕ್ಕಿನ ಚೌಕಟ್ಟು, ಕುತ್ತಿಗೆ ಅಥವಾ ಎದೆಗೆ ಸರಿಯಾಗಿ ಬಡಿದರೆ ಬೇಗ ಮುಗಿಸುತ್ತದೆ. ಸರಿಯಾಗಿ ಬಡಿಯಬೇಕಾದರೆ ಸ್ಪ್ರಿಂಗ್ ಸಡಿಲ ಆಗಿರಬಾರದು. ಹಳೆ, ತುಕ್ಕು ಹಿಡಿದ ಟ್ರ್ಯಾಪ್‌ಗಳನ್ನು ಎಸೆಯಿರಿ.

ನೀರಿನ ಕೆಳಗಿನ ಉರುಳಿನ ವಿಷಯ ಬೇರೆ. ಬೀವರ್ 15 ನಿಮಿಷದವರೆಗೂ ಉಸಿರು ಹಿಡಿಯಬಲ್ಲದು. ಉರುಳಿನಲ್ಲಿ ಅದು ಮುಳುಗಿ ಸಾಯುತ್ತದೆ. ಹಲವು ಕಡೆ ಕಾನೂನು ಒಪ್ಪುತ್ತದೆ, ಪಶುವೈದ್ಯರಲ್ಲಿ ಹಲವರು ಒಪ್ಪುವುದಿಲ್ಲ. ನನಗೂ ಒಪ್ಪಿಗೆ ಇಲ್ಲ. ನಾವು ಹಾಕುವುದು 330 ಮಾತ್ರ.

ನೀರುನಾಯಿ ಸಿಕ್ಕಿಬಿದ್ರೆ?

ಕಟ್ಟೆಯ ಮೇಲೆ ದಾಟುವ ಕಂಡಿಗಳಲ್ಲಿ ಟ್ರ್ಯಾಪ್ ಇಡಬೇಡಿ, ನೀರುನಾಯಿ ಓಡಾಡುವ ದಾರಿ ಅದು. ಟ್ರಿಗರ್ ತಂತಿಯನ್ನು ನಡುವಿನಿಂದ ಪಕ್ಕಕ್ಕೆ ಸರಿಸಿದರೆ ತೆಳ್ಳಗಿನ ನೀರುನಾಯಿ ತಾಗದೆ ದಾಟಿಹೋಗುವ ಸಾಧ್ಯತೆ ಜಾಸ್ತಿ, ದಪ್ಪಗಿನ ಬೀವರ್ ತಾಗಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಐಸ್ ಕೆಳಗೆ ಪೋಪ್ಲರ್ ಕೊಂಬೆ ಇಡುವುದು. ಮೀನು ತಿನ್ನುವ ಪ್ರಾಣಿಗೆ ಮರದ ಆಸೆ ಇಲ್ಲ. ಹೊಸ ನೀರುನಾಯಿ ಹೆಜ್ಜೆ, ಐಸ್ ಮೇಲೆ ಜಾರಿದ ಗೆರೆ ಕಂಡರೆ ನಾವು ಆ ಕೆರೆಯನ್ನೇ ಬಿಟ್ಟು ಮುಂದೆ ಹೋಗುತ್ತೇವೆ. ನಾಯಿ, ಮಕ್ಕಳು ಓಡಾಡುವ ಕಡೆ ನೆಲದ ಮೇಲೆ 330 ಇಡುವ ಮಾತೇ ಇಲ್ಲ. ಮನುಷ್ಯನ ಕೈ ಮುರಿಯುವಷ್ಟು ಶಕ್ತಿ ಅದಕ್ಕಿದೆ.

ಮಾರ್ಚ್ ಐಸ್ ಮೇಲೆ ನಡೆಯೋಕೆ ಭಯ ಆಗಲ್ವಾ?

ಆಗುತ್ತದೆ, ಆಗಬೇಕು. ಒಬ್ಬರು ನಡೆಯಲು ಗಟ್ಟಿ ನೀಲಿ ಐಸ್ 15 ಸೆಂಟಿಮೀಟರ್, ಸ್ನೋಮೊಬೈಲ್‌ಗೆ 25 ಅಂತ ಇಲ್ಲಿಯ ಸಾಮಾನ್ಯ ಲೆಕ್ಕ. ಬಿಳಿ ಐಸ್‌ಗೆ ಅದರ ಅರ್ಧ ಬಲ. ಆದರೆ ಬೀವರ್ ಕೆರೆಯಲ್ಲಿ ಈ ಲೆಕ್ಕ ನಂಬಬೇಡಿ. ಗೂಡಿನ ಬಾಗಿಲು, ಉಗ್ರಾಣದ ದಾರಿಯಲ್ಲಿ ಅವು ದಿನಾ ಈಜಿ ಈಜಿ ಐಸ್ ತೆಳುವಾಗಿರುತ್ತದೆ. ನಾಲ್ಕು ಹೆಜ್ಜೆ ಆಚೆ ಗಟ್ಟಿ, ಇಲ್ಲಿ ಹಪ್ಪಳ. ಉಳಿಯಿಂದ ಕುಟ್ಟಿ ನೋಡದೆ ಹೆಜ್ಜೆ ಇಡಬಾರದು. ನೀರಿಗೆ ಬಿದ್ದರೆ ಐಸ್‌ಗೆ ಚುಚ್ಚಿ ಮೇಲೆ ಬರಲು ಕೊರಳಲ್ಲಿ ಐಸ್ ಪಿಕ್ ಇರಬೇಕು, ಒಬ್ಬರೇ ಹೋಗಬಾರದು.

## ಕಷ್ಟದ ಪ್ರಶ್ನೆಗಳು

ಒಂದು ಗೂಡಿನಿಂದ ಎಷ್ಟು ತೆಗೀಬಹುದು?

ಒಂದು ಗೂಡಿನಲ್ಲಿ ಸಾಮಾನ್ಯವಾಗಿ ಗಂಡ, ಹೆಂಡತಿ, ಹೋದ ವರ್ಷದ ಮರಿಗಳು, ಈ ವರ್ಷದ ಮರಿಗಳು ಸೇರಿ ನಾಲ್ಕರಿಂದ ಎಂಟು. ದೊಡ್ಡ ಉಗ್ರಾಣ ಇದ್ದರೆ ದೊಡ್ಡ ಕುಟುಂಬ. ಅಂಥಲ್ಲಿ ಒಂದೆರಡು ತೆಗೆದು ಟ್ರ್ಯಾಪ್ ಎತ್ತುತ್ತೇವೆ. ಪುಟ್ಟ ಉಗ್ರಾಣದ ಹೊಸ ಜೋಡಿಯನ್ನು ಮುಟ್ಟುವುದಿಲ್ಲ. ಮೊದಲ ದಿನ ಸಣ್ಣ ಮರಿ ಸಿಕ್ಕರೆ ಅಲ್ಲಿಗೇ ನಿಲ್ಲಿಸುತ್ತೇವೆ.

ಕ್ರೀ ಹಿರಿಯರ ಕ್ರಮ ನನಗೆ ಇನ್ನೂ ಹಿಡಿಸುತ್ತದೆ. ಅವರು ತಮ್ಮ ನೆಲವನ್ನು ಭಾಗ ಮಾಡಿ, ಒಂದು ಭಾಗದಲ್ಲಿ ಹಿಡಿದು, ಉಳಿದವನ್ನು ಕೆಲವು ವರ್ಷ ಬಿಡುತ್ತಾರೆ. ಹೊಲ ಬೀಳು ಬಿಟ್ಟ ಹಾಗೆ. ಎಲ್ಲಿ ಎಷ್ಟು ಗೂಡು ಜೀವಂತ ಇದೆ ಅಂತ ನೋಡಿಕೊಳ್ಳಲು ಪ್ರತಿ ನೆಲಕ್ಕೂ ಒಬ್ಬ ಹಿರಿಯ ಇರುತ್ತಾರೆ, ಅವರ ಮಾತೇ ಕೊನೆ.

ಆ ಹೊತ್ತಿಗೆ ಹೆಣ್ಣು ಬಸಿರಾಗಿರುತ್ತಲ್ಲ? ಅದು ಹೇಗೆ ಜವಾಬ್ದಾರಿ ಆಗುತ್ತೆ?

ಇದಕ್ಕೆ ಹಗುರವಾದ ಉತ್ತರ ಇಲ್ಲ. ಬೀವರ್ ಕೂಡುವುದು ಜನವರಿ, ಫೆಬ್ರವರಿಯಲ್ಲಿ. ಗರ್ಭ ಸುಮಾರು ಮೂರೂವರೆ ತಿಂಗಳು. ಮರಿ ಹುಟ್ಟುವುದು ಮೇ, ಜೂನ್‌ನಲ್ಲಿ. ಅಂದರೆ ತುಪ್ಪಳ ಚೆನ್ನಾಗಿರುವ ಕಾಲದಲ್ಲೇ ದೊಡ್ಡ ಹೆಣ್ಣು ಬಸಿರಿರುತ್ತದೆ. ಹೊರಗಿನಿಂದ ಗಂಡು ಹೆಣ್ಣು ಗುರುತು ಸಿಗುವುದಿಲ್ಲ, ಹಾಗಾಗಿ ಆರಿಸಿ ಹಿಡಿಯಲು ಆಗುವುದಿಲ್ಲ.

ಎರಡು ಮಾತು ಮಾತ್ರ ಹೇಳಬಲ್ಲೆ. ಒಂದು, ಈ ಕಾಲದಲ್ಲಿ ಹಾಲು ಕುಡಿಯುವ ಮರಿ ಗೂಡಿನಲ್ಲಿ ಇರುವುದಿಲ್ಲ, ತಾಯಿ ಸತ್ತು ಮರಿ ಹಸಿದು ಸಾಯುವ ಸ್ಥಿತಿ ಬರುವುದಿಲ್ಲ. ರಸ್ತೆ ಮುಳುಗಿತು ಅಂತ ಬೇಸಿಗೆಯಲ್ಲಿ ಬೀವರ್ ತೆಗೆಸುವಾಗ ಆಗುವುದು ಅದೇ. ಆಗಿನ ತುಪ್ಪಳವೂ ಯಾವ ಕೆಲಸಕ್ಕೂ ಬರುವುದಿಲ್ಲ, ಹೆಣವನ್ನು ಹೂಳುತ್ತಾರೆ. ನನಗೆ ಅತಿ ಹೆಚ್ಚು ನೋವು ಕೊಡುವುದು ಆ ಬೇಸಿಗೆಯ ಸಾವುಗಳು. ಎರಡು, ಫೆಬ್ರವರಿಯಲ್ಲೇ ಕೆಲಸ ಮುಗಿಸಿದರೆ ಗರ್ಭ ಇನ್ನೂ ಎಳೆಯದು, ತುಪ್ಪಳ ಆಗಲೇ ಮಾಗಿದೆ. ಇನ್ನೂ ಎರಡು ವಾರ ಕಾದರೆ ಸಿಗುವ ಹೆಚ್ಚಿನ ಹೊಳಪಿಗೆ ಅಷ್ಟು ಬೆಲೆ ಕೊಡಬೇಕಿಲ್ಲ.

ಕೊಲ್ಲೋ ಬದಲು ಕಟ್ಟೆಗೆ ಪೈಪ್ ಹಾಕಿ ನೀರು ಇಳಿಸಬಹುದಲ್ಲ?

ಖಂಡಿತ, ಎಲ್ಲಿ ಆಗುತ್ತೋ ಅಲ್ಲಿ ಅದೇ ಮೊದಲು. ಪೈಪಿನ ನೀರೊಳಗಿನ ಬಾಯಿಗೆ ಜಾಲರಿ ಪಂಜರ ಕಟ್ಟಿದರೆ ನೀರು ಎಲ್ಲಿ ಹೋಗುತ್ತಿದೆ ಅಂತ ಬೀವರ್‌ಗೆ ಗೊತ್ತಾಗುವುದಿಲ್ಲ, ಮುಚ್ಚಲು ಬರುವುದಿಲ್ಲ. ಬೀವರ್ ಕೆರೆಗಳು ಬರಗಾಲದಲ್ಲಿ ನೀರು ಹಿಡಿದಿಡುತ್ತವೆ, ಕಾಡ್ಗಿಚ್ಚಿಗೆ ತಡೆಯಾಗುತ್ತವೆ. ಹರಿವು ಜೋರಿರುವ ಕಲ್ವರ್ಟ್‌ಗಳಲ್ಲಿ ಪೈಪ್ ಯಾವಾಗಲೂ ಸಾಲುವುದಿಲ್ಲ. ಅಂಥ ಜಾಗಕ್ಕೆ ಬೇಸಿಗೆಯ ತುರ್ತಿಗಿಂತ ಮೊದಲೇ, ಚಳಿಗಾಲದಲ್ಲಿ ಟ್ರ್ಯಾಪರ್ ಕರೆಸಿ ಅಂತ ಪಂಚಾಯಿತಿಯವರಿಗೆ ಹೇಳುತ್ತಲೇ ಇರುತ್ತೇವೆ.

ಮಾಂಸ ಏನು ಮಾಡ್ತೀರ?

ತಿನ್ನುತ್ತೇವೆ. ಕ್ರೀ ಮನೆಗಳಲ್ಲಿ ಬೀವರ್ ಹಬ್ಬದ ಊಟ, ಬೆಂಕಿಯಲ್ಲಿ ಸುಟ್ಟ ಬಾಲ ಹಿರಿಯರಿಗೆ. ಕೈಗವಸು ಇಲ್ಲದೆ ಸುಲಿಯಬೇಡಿ, ಟುಲರೀಮಿಯಾ ಅನ್ನುವ ಜ್ವರ ಅಂಟಬಹುದು. ಕೆರೆಯ ನೀರನ್ನು ಕುದಿಸದೆ ಕುಡಿಯಬೇಡಿ.

ಇಷ್ಟೆಲ್ಲಾ ಸರಿಯಾಗಿ ಮಾಡಿದ್ರೂ ಹರಾಜಲ್ಲಿ ಗ್ರೇಡ್ ಇಳೀತು. ಎಲ್ಲಿ ಹಾಳಾಗುತ್ತೆ?

ಬಹಳ ಸಲ ಹಾಳಾಗುವುದು ಕಾಡಿನಲ್ಲಲ್ಲ, ಶೆಡ್‌ನಲ್ಲಿ. ನೀರಿನಿಂದ ತೆಗೆದ ಕೂಡಲೇ ಹಿಮದಲ್ಲಿ ಉರುಳಾಡಿಸಿ ನೀರು ಹೀರಿಸಿ. ಒದ್ದೆ ತುಪ್ಪಳವನ್ನು ಐಸ್ ಮೇಲೆ ಎಸೆದರೆ ಅಂಟಿಕೊಂಡು ಕೂದಲು ಕಿತ್ತು ಬರುತ್ತದೆ. ರಕ್ತ, ಕೆಸರು ತಣ್ಣೀರಿನಲ್ಲಿ ತೊಳೆಯಿರಿ.

ಬೀವರ್‌ನ್ನು ಗಲ್ಲದಿಂದ ಬಾಲದವರೆಗೆ ಹೊಟ್ಟೆಯ ನಡುವೆ ಒಂದೇ ಗೆರೆ ಸೀಳಿ ಸುಲಿಯುತ್ತಾರೆ. ಕಾಲುಗಳ ಕಡೆ ಉದ್ದಕ್ಕೆ ಸೀಳುವುದಿಲ್ಲ, ನಾಲ್ಕು ತೂತು ಮಾತ್ರ ಉಳಿಯಬೇಕು. ಆಮೇಲೆ ಕೊಬ್ಬು, ಮಾಂಸ ಕೆರೆಯುವುದು. ಇಲ್ಲಿ ತಾಳ್ಮೆ ಬೇಕು. ಕೊಬ್ಬು ಬಿಟ್ಟರೆ ಚರ್ಮ ಕೆಟ್ಟು ಕೂದಲು ಸಡಿಲ ಆಗುತ್ತದೆ. ಜಾಸ್ತಿ ಕೆರೆದರೆ ಕೂದಲಿನ ಬೇರೇ ತುಂಡಾಗಿ ತುಪ್ಪಳದ ಕಡೆಯಿಂದ ಉದುರುತ್ತದೆ.

ಹಲಗೆಯ ಮೇಲೆ ಬರೆದ ಅಂಡಾಕಾರದ ಗೆರೆಗೆ ಸರಿಯಾಗಿ ಮೊಳೆ ಹೊಡೆದು ಹಿಗ್ಗಿಸಿ. ಉದ್ದ, ಅಗಲ ಇಂಚಿನಲ್ಲಿ ಅಳೆದು ಕೂಡಿಸಿದ್ದೇ ಅಳತೆ, 65 ದಾಟಿದರೆ ‘ಬ್ಲ್ಯಾಂಕೆಟ್’, ಅಂದರೆ ದೊಡ್ಡ ಚರ್ಮಗಳ ಸಾಲು. ಆ ಆಸೆಗೆ ಎಳೆದು ಎಳೆದು ಮೊಳೆ ಹೊಡೆಯುವವರಿದ್ದಾರೆ. ಆಗ ತುಪ್ಪಳದ ಸಾಂದ್ರತೆ ತೆಳುವಾಗುತ್ತದೆ, ಗ್ರೇಡ್ ಹಾಕುವವರು ಮುಟ್ಟಿದ ಕೂಡಲೇ ಹಿಡಿಯುತ್ತಾರೆ. ಚರ್ಮ ತಾನಾಗಿ ಎಲ್ಲಿಗೆ ಬರುತ್ತೋ ಅಲ್ಲಿಗೇ ನಿಲ್ಲಿಸಿ. ಮೊಳೆ ಹೊಡೆದ ಮೇಲೆ ಚರ್ಮವನ್ನು ಹಲಗೆಯಿಂದ ಸ್ವಲ್ಪ ಎತ್ತಿ, ಕೆಳಗೆ ಗಾಳಿ ಆಡಲು ಬಿಡಿ. ಉಪ್ಪು ಹಾಕಬೇಡಿ. ಒಲೆಯ ಹತ್ತಿರ ಇಡಬೇಡಿ, ಬೆಂದ ಚರ್ಮ ಹದ ಮಾಡುವಾಗ ಹರಿಯುತ್ತದೆ. ತಣ್ಣನೆಯ, ಗಾಳಿ ಆಡುವ ಕೋಣೆಯಲ್ಲಿ ಕೆಲವು ದಿನ ಬಿಟ್ಟು, ಅಂಚು ಬೆರಳಲ್ಲಿ ಬಗ್ಗದಷ್ಟು ಗಟ್ಟಿ ಆದಾಗ ಮೊಳೆ ಕೀಳಿ. ಕೊನೆಗೆ ಉಕ್ಕಿನ ಬ್ರಶ್‌ನಿಂದ, ತಲೆಯಿಂದ ಬಾಲದ ಕಡೆಗೆ, ಒಳತುಪ್ಪಳ ಎದ್ದು ನಿಲ್ಲುವವರೆಗೆ ಬಾಚಿ.